ನಕಾಶೆಗೆ ಮೈನಸ್ 20 ಡಾಲರ್

ಒಂದು ಊರಿನ ನಕಾಶೆ ಸುಮಾರು 23 ಕೆಜಿ ತೂಗುತ್ತಿತ್ತು. ಅಮೆರಿಕದ ಓಮಾಹಾ ಪಟ್ಟಣದ ನಕಾಶೆ ಅದು. ಒಂದು ಹಾಳೆಯಲ್ಲ, ದಪ್ಪ ದಪ್ಪ ಸಂಪುಟಗಳು. ಅಂಗಡಿಯಿಂದ ತರುವ 25 ಕೆಜಿ ಅಕ್ಕಿ ಮೂಟೆಯ ಹತ್ತಿರ ಹತ್ತಿರ.

ಅದರಲ್ಲಿ ಏನಿತ್ತು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ವಾರೆನ್ ಬಫೆಟ್ ಎಂಬ ಹೂಡಿಕೆದಾರ ಈ ನಕಾಶೆ ಕಂಪನಿಯ ಷೇರು ಕೊಂಡ ಪ್ರಕರಣ ಹೇಳುವವರೆಲ್ಲ ದುಡ್ಡಿನ ಲೆಕ್ಕಕ್ಕೆ ಓಡಿಬಿಡುತ್ತಾರೆ, ನಕಾಶೆ ಮರೆತೇ ಹೋಗುತ್ತದೆ. ನೆಲದ ಮೇಲಿನ 50 ಅಡಿ ಕಾಗದದ ಮೇಲೆ ಒಂದು ಇಂಚು. ಪ್ರತಿ ಕಟ್ಟಡಕ್ಕೂ ಬಣ್ಣ. ಇಟ್ಟಿಗೆಯದಾದರೆ ಗುಲಾಬಿ, ಮರದ್ದಾದರೆ ಹಳದಿ, ಕಲ್ಲಿನದಾದರೆ ನೀಲಿ. ಮನೆಯೋ ಅಂಗಡಿಯೋ, ಎಷ್ಟು ಅಂತಸ್ತು, ಚಾವಣಿ ಯಾವುದರದು, ರಸ್ತೆ ಕೆಳಗಿನ ನೀರಿನ ಪೈಪು ಎಷ್ಟು ದಪ್ಪ, ಬೆಂಕಿ ಬಿದ್ದರೆ ನೀರು ಹಿಡಿಯುವ ಹೈಡ್ರಂಟ್ ಎಲ್ಲಿದೆ, ಎಲ್ಲವೂ ಅಲ್ಲಿತ್ತು. ನಮ್ಮ ಸರ್ವೆ ಸ್ಕೆಚ್ಚಿನಲ್ಲಿ ಚೆಕ್ಕುಬಂದಿ ಗೊತ್ತಾದರೆ ಸಾಕು ಅನ್ನುತ್ತೇವೆ. ಇದು ಗೋಡೆ ತಟ್ಟಿ ನೋಡಿ ಬರೆದ ಹಾಗೆ.

ಊರಿನಲ್ಲಿ ಹೊಸ ಕಟ್ಟಡ ಎದ್ದರೆ ಅದರ ಅಳತೆಗೆ ಒಂದು ಚೀಟಿ ಅಚ್ಚಾಗುತ್ತಿತ್ತು. ಹಳೆಯ ಚಿತ್ರದ ಮೇಲೆ ಅದನ್ನು ಅಂಟಿಸುವುದು. ಹೆಚ್ಚುಕಮ್ಮಿ ವರ್ಷಕ್ಕೊಮ್ಮೆ ಈ ಕೆಲಸ. ಚೀಟಿ ಮೇಲೆ ಚೀಟಿ ಕೂತು ಇನ್ನು ಅಂಟಿಸುವುದಕ್ಕೆ ಆಗದು ಅನ್ನುವ ಹೊತ್ತಿಗೆ, ಅಂದರೆ 20-30 ವರ್ಷಕ್ಕೊಂದು ಸಲ, ಪೂರ್ತಿ ಹೊಸ ನಕಾಶೆ. ಓಮಾಹಾದ ಗಿರಾಕಿಗೆ ಇದನ್ನು ಸರಿಯಾಗಿ ಇಟ್ಟುಕೊಳ್ಳಲು ವರ್ಷಕ್ಕೆ 100 ಡಾಲರ್ ಖರ್ಚು.

ಯಾರಿಗೆ ಬೇಕು ಇಷ್ಟೊಂದು ವಿವರ? ಬೆಂಕಿ ವಿಮೆ ಕಂಪನಿಗಳಿಗೆ. ಎಲ್ಲೋ ದೂರದ ಊರಿನ ಏಜೆಂಟ್ ಒಂದು ಮರದ ಗೋದಾಮಿಗೆ ಪಾಲಿಸಿ ಬರೆದು ಕಳಿಸಿದರೆ, ಮುಖ್ಯ ಕಚೇರಿಯಲ್ಲಿ ಕೂತ ಗುಮಾಸ್ತ ಸಂಪುಟ ತೆಗೆದು ನೋಡುತ್ತಿದ್ದ. ಪಕ್ಕದಲ್ಲಿ ಏನಿದೆ, ನೀರು ಎಷ್ಟು ದೂರ, ಇದೇ ಬೀದಿಯಲ್ಲಿ ನಮ್ಮದು ಇನ್ನೆಷ್ಟು ಪಾಲಿಸಿ ಇದೆ. ನೋಡಿ ಹೂಂ ಅಥವಾ ಊಹೂಂ.

ಈ ನಕಾಶೆಗಳನ್ನು ಮಾಡುತ್ತಿದ್ದುದು ಸ್ಯಾನ್‌ಬಾರ್ನ್ ಮ್ಯಾಪ್ ಕಂಪನಿ. ಡಿ. ಎ. ಸ್ಯಾನ್‌ಬಾರ್ನ್ ಎಂಬ ಸರ್ವೇಯರ್ 1867ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರು ಮಾಡಿದ್ದು. ಮುಕ್ಕಾಲು ಶತಮಾನ ಇವರಿಗೆ ಹೆಚ್ಚುಕಮ್ಮಿ ಎದುರಾಳಿಯೇ ಇರಲಿಲ್ಲ. ಪ್ರತಿ ವರ್ಷ ಲಾಭ. ವ್ಯಾಪಾರದ ಬಹುಪಾಲು ಸುಮಾರು 30 ವಿಮೆ ಕಂಪನಿಗಳ ಜೊತೆಗೇ, ಹಾಗಾಗಿ ಮಾರಾಟಕ್ಕೆ ಅಲೆಯುವ ಕೆಲಸವೂ ಇಲ್ಲ. ಎಷ್ಟು ಚೆನ್ನಾಗಿತ್ತೆಂದರೆ, ಇವರು ತೀರಾ ಜಾಸ್ತಿ ಲಾಭ ಹೊಡೆದಾರು ಎಂದು ಹೆದರಿದ ವಿಮೆ ಕಂಪನಿಗಳು ಕಾವಲಿಗೆ ತಮ್ಮವರನ್ನೇ ನಿರ್ದೇಶಕ ಮಂಡಳಿಯಲ್ಲಿ ಕೂರಿಸಿದವು. ಗಿರಾಕಿಗಳೇ ಅಂಗಡಿಯ ಗಲ್ಲಾ ಪಕ್ಕ ಕೂತ ಹಾಗಾಯಿತು. ಈ ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತದೆ.

1950ರ ದಶಕದಲ್ಲಿ ಗಾಳಿ ತಿರುಗಿತು. ನಕಾಶೆ ಇಲ್ಲದೆ, ಕಾರ್ಡ್‌ಗಳ ಲೆಕ್ಕದಲ್ಲೇ ಪಾಲಿಸಿ ನಿರ್ಧರಿಸುವ ಪದ್ಧತಿ ಬಂತು. 1930ರ ದಶಕದ ಕೊನೆಯಲ್ಲಿ ನಕಾಶೆ ವ್ಯಾಪಾರದಿಂದ ತೆರಿಗೆ ಕಳೆದು ವರ್ಷಕ್ಕೆ ಸರಾಸರಿ 5 ಲಕ್ಷ ಡಾಲರ್ ಮೇಲೆ ಉಳಿಯುತ್ತಿತ್ತು. 1958 ಮತ್ತು 1959ರಲ್ಲಿ ಅದು 1 ಲಕ್ಷಕ್ಕಿಂತ ಕೆಳಗೆ. ಎಂಟು ವರ್ಷದಲ್ಲಿ ಡಿವಿಡೆಂಡ್, ಅಂದರೆ ಷೇರುದಾರರಿಗೆ ಹಂಚುವ ಲಾಭದ ಪಾಲು, ಐದು ಸಲ ಕಡಿತವಾಯಿತು. ಷೇರುಪೇಟೆಯ ಭಾಷೆಯಲ್ಲಿ ಹೇಳುವುದಾದರೆ ಸತ್ತ ಷೇರು.

ಆದರೆ ಬೀರುವಿನಲ್ಲಿ ಬೇರೆಯೇ ಒಂದು ಗಂಟಿತ್ತು. ನಕಾಶೆ ವ್ಯಾಪಾರಕ್ಕೆ ಹೊಸ ಬಂಡವಾಳ ಬೇಡ. ಯಂತ್ರ ಬೇಡ, ಕಾರ್ಖಾನೆ ಬೇಡ. ಉಳಿದ ಲಾಭವನ್ನು 1930ರ ದಶಕದ ಆರಂಭದಿಂದಲೇ ಕಂಪನಿ ಬೇರೆ ಕಂಪನಿಗಳ ಷೇರು ಮತ್ತು ಬಾಂಡ್‌ಗಳಲ್ಲಿ (ಬಡ್ಡಿ ಕೊಡುವ ಸಾಲಪತ್ರ) ಹಾಕುತ್ತಾ ಬಂದಿತ್ತು. ಒಟ್ಟು ಹಾಕಿದ್ದು ಸುಮಾರು 25 ಲಕ್ಷ ಡಾಲರ್, ಸರಿಸುಮಾರು ಅರ್ಧ ಷೇರು, ಅರ್ಧ ಬಾಂಡ್. 1958ರ ಹೊತ್ತಿಗೆ ಅದರ ಬೆಲೆ 70 ಲಕ್ಷ ಡಾಲರ್ ಹತ್ತಿರ ಬಂದಿತ್ತು.

ಈಗ ಲೆಕ್ಕ. ಕಂಪನಿಯ ಒಟ್ಟು ಷೇರು 1,05,000. ಅಂದರೆ ಒಂದೊಂದು ಷೇರಿನ ಹಿಂದೆ ಸುಮಾರು 65 ಡಾಲರ್ ಹೂಡಿಕೆ. ಪೇಟೆಯಲ್ಲಿ ಷೇರಿನ ಬೆಲೆ 45 ಡಾಲರ್. 65 ರೂಪಾಯಿ ಇರುವ ಪರ್ಸನ್ನು 45ಕ್ಕೆ ಮಾರುತ್ತಿದ್ದಾರೆ, ಜೊತೆಗೆ ನಕಾಶೆ ಕಂಪನಿ ಪುಕ್ಕಟೆ. ಪುಕ್ಕಟೆ ಕೂಡ ಅಲ್ಲ, ಅದಕ್ಕೆ ಮೈನಸ್ 20 ಡಾಲರ್ ಬೆಲೆ ಕಟ್ಟಿದಂತಾಯಿತು. 1938ರಲ್ಲಿ ಇದೇ ಷೇರು 110 ಡಾಲರ್ ಇತ್ತು. ಆಗ ಹೂಡಿಕೆಯ ಪಾಲು ಷೇರಿಗೆ 20 ಡಾಲರ್. ಅಂದರೆ ನಕಾಶೆ ವ್ಯಾಪಾರಕ್ಕೆ ಜನ 90 ಡಾಲರ್ ಕೊಡುತ್ತಿದ್ದರು. ಅದೂ ಪೇಟೆ ಮಂಕಾಗಿ ಅಮೆರಿಕದ ಷೇರುಪೇಟೆಯ ಡೌ ಜೋನ್ಸ್ ಸೂಚ್ಯಂಕ 100-120ರಲ್ಲಿ ಇದ್ದಾಗ. 1958ರಲ್ಲಿ ಸೂಚ್ಯಂಕ 550ರ ಆಸುಪಾಸು.

ಈ ಲೆಕ್ಕ ಯಾರಿಗೂ ಕಾಣದ ರಹಸ್ಯವೇನಲ್ಲ. ಓಮಾಹಾದಲ್ಲಿ ಕೂತ 28 ವರ್ಷದ ವಾರೆನ್ ಬಫೆಟ್‌ಗೂ ಕಂಡಿತು. 1956ರಲ್ಲಿ ನೆಂಟರಿಷ್ಟರ ದುಡ್ಡು ಸೇರಿಸಿ ಪಾಲುದಾರಿಕೆ ಶುರು ಮಾಡಿದ್ದರು. ಅದಕ್ಕೆ ಮುಂಚೆ ಎರಡು ವರ್ಷ ನ್ಯೂಯಾರ್ಕ್‌ನಲ್ಲಿ ತಮ್ಮ ಹೂಡಿಕೆ ಗುರು ಬೆಂಜಮಿನ್ ಗ್ರಹಾಂ ಅವರ ಬಳಿ ಕೆಲಸ. ಗ್ರಹಾಂ ಹೇಳಿಕೊಟ್ಟ ಮೊದಲ ಪಾಠವೇ ಸುರಕ್ಷತೆಯ ಅಂತರ. ನೂರು ರೂಪಾಯಿ ಬಾಳುವುದನ್ನು ಎಪ್ಪತ್ತಕ್ಕೆ ಕೊಳ್ಳಿ. ನಿಮ್ಮ ಅಂದಾಜು ಇಪ್ಪತ್ತು ರೂಪಾಯಿ ತಪ್ಪಿದ್ದರೂ ಕೈ ಸುಡುವುದಿಲ್ಲ.

ಸ್ಯಾನ್‌ಬಾರ್ನ್‌ನಲ್ಲಿ ಆ ಅಂತರ ಎಷ್ಟಿತ್ತು? ಮೇಲ್ನೋಟಕ್ಕೆ ಹೂಡಿಕೆಯ ಬೆಲೆ 30 ಶೇಕಡಾ ಬಿದ್ದರೂ ಕೊಂಡ ಬೆಲೆ ಉಳಿಯುತ್ತದೆ. ಅದರಲ್ಲಿ ಬಾಂಡ್‌ಗಳೂ ಇದ್ದವು, ಅಷ್ಟು ಸುಲಭಕ್ಕೆ 30 ಶೇಕಡಾ ಬೀಳದು. ಆದರೆ ಇಲ್ಲೊಂದು ಮುಳ್ಳಿದೆ, ಕಥೆ ಹೇಳುವವರು ಸಾಮಾನ್ಯವಾಗಿ ಇದನ್ನು ಬಿಡುತ್ತಾರೆ. 25 ಲಕ್ಷದ್ದು 70 ಲಕ್ಷ ಆಗಿದೆ ಅಂದರೆ ಮಾರಿದ ದಿನ ಕಂಪನಿ ಲಾಭದ ಮೇಲೆ ತೆರಿಗೆ ಕಟ್ಟಬೇಕು. ಆ ತೆರಿಗೆ 10 ಲಕ್ಷ ಡಾಲರ್ ಮೇಲೆ ಆಗುತ್ತಿತ್ತು. ಷೇರಿಗೆ ಸುಮಾರು 10 ಡಾಲರ್. ಆಗ 65 ಅನ್ನುವುದು 55 ಆಯಿತು. 20 ಡಾಲರ್ ಅಂತರ ಅಂದುಕೊಂಡಿದ್ದು ಅರ್ಧಕ್ಕೆ ಇಳಿಯಿತು. ನಮ್ಮಲ್ಲಿ ಹೋಲ್ಡಿಂಗ್ ಕಂಪನಿಗಳ, ಅಂದರೆ ಬೇರೆ ಕಂಪನಿಗಳ ಷೇರು ಇಟ್ಟುಕೊಂಡಿರುವ ಕಂಪನಿಗಳ, ಲೆಕ್ಕ ಹಾಕುವವರು ಈ ತೆರಿಗೆಯನ್ನು ಕಳೆಯದೆ ಸುಮ್ನೆ ‘ಅರ್ಧ ಬೆಲೆಗೆ ಸಿಗ್ತಿದೆ’ ಅನ್ನುವುದನ್ನು ದಿನಾ ನೋಡುತ್ತೇನೆ.

ಇನ್ನು ತಾಳ್ಮೆಯ ವಿಷಯ. ಕೊಂಡು ಸುಮ್ಮನಿದ್ದರೆ ಆಯಿತು ಅಂತ ಹೇಳುವುದು ಸುಲಭ. 45ಕ್ಕೆ ಕೊಂಡಿದ್ದು ಎರಡು ವರ್ಷದಲ್ಲಿ 65 ಆದರೆ ವರ್ಷಕ್ಕೆ 20 ಶೇಕಡಾ ಬಂತು. ಐದು ವರ್ಷ ಹಿಡಿದರೆ 7.6 ಶೇಕಡಾ. ಹತ್ತು ವರ್ಷ ಆದರೆ 3.7. ಅದೇ ಷೇರು, ಅದೇ ಅಂತರ, ಅದೇ ಸರಿಯಾದ ಲೆಕ್ಕ. ನಾವು ಕಾಯುತ್ತಿರುವಾಗ ಆಟೋ ಮೀಟರ್ ಓಡುತ್ತಲೇ ಇರುತ್ತದೆ.

ಇದು ನನಗೆ ಪುಸ್ತಕ ಓದಿ ಗೊತ್ತಾಗಿದ್ದಲ್ಲ. 2019ರಲ್ಲಿ ಒಂದು ಸಣ್ಣ ಕಂಪನಿಯ ಷೇರನ್ನು 84 ರೂಪಾಯಿಗೆ ಕೊಂಡೆ. ಸಾಲ ಇಲ್ಲ, ಬ್ಯಾಂಕ್ ಎಫ್‌ಡಿ ಮತ್ತು ಮ್ಯೂಚುವಲ್ ಫಂಡ್ ಸೇರಿ ಷೇರಿಗೆ 130 ರೂಪಾಯಿ ಮೇಲೆ ಇತ್ತು. 2020ರ ಮಾರ್ಚ್‌ನಲ್ಲಿ ಎಲ್ಲ ಕುಸಿದಾಗ ಇದು 61ಕ್ಕೆ ಬಂದು ಮತ್ತೆ ಎದ್ದಿತು. ನನಗೆ ಒಂದು ರಾತ್ರಿಯೂ ನಿದ್ದೆ ಕೆಡಲಿಲ್ಲ, ಅಂತರದ ಮಹಿಮೆ ಅದು. ಆರು ವರ್ಷ ಆದ ಮೇಲೆ ಬೆಲೆ 102. ವರ್ಷಕ್ಕೊಂದು ರೂಪಾಯಿ ಡಿವಿಡೆಂಡ್. ಅಂಚೆ ಕಚೇರಿಯಲ್ಲಿ ಇಟ್ಟಿದ್ದರೂ ಇದಕ್ಕಿಂತ ಜಾಸ್ತಿ ಬರುತ್ತಿತ್ತು. ಹಬ್ಬಕ್ಕೆ ಸಿಕ್ಕಾಗಲೆಲ್ಲ ನಮ್ಮ ಭಾವ ಕೇಳುತ್ತಾರೆ, “ಏನಪ್ಪಾ, ನಿನ್ನ ಎಫ್‌ಡಿ ಕಂಪನಿ ಎದ್ದಿತಾ?” “ಇಲ್ಲ ಭಾವ, ಮಲಗಿದೆ. ಆದರೆ ಸುಖವಾಗಿ ಮಲಗಿದೆ” ಅನ್ನುತ್ತೇನೆ.

ನನ್ನ ಷೇರು ಯಾಕೆ ಮಲಗಿದೆ, ಸ್ಯಾನ್‌ಬಾರ್ನ್ ಯಾಕೆ ಎದ್ದಿತು? ಉತ್ತರ ಹೂಡಿಕೆಯ ಪಟ್ಟಿಯಲ್ಲಿಲ್ಲ. ನಿರ್ದೇಶಕರ ಪಟ್ಟಿಯಲ್ಲಿದೆ. ಈ ಪ್ರಕರಣದ ಒಳವಿವರ ಬಫೆಟ್ 1961ರ ಜನವರಿಯಲ್ಲಿ ತಮ್ಮ ಪಾಲುದಾರರಿಗೆ ಬರೆದ ಪತ್ರದಲ್ಲಿ ಇದೆ. ನಾನು ಅದರಲ್ಲಿ ಮತ್ತೆ ಮತ್ತೆ ಓದುವ ಭಾಗ ಇದೇ.

ಹದಿನಾಲ್ಕು ಜನ ನಿರ್ದೇಶಕರು. ಅವರಲ್ಲಿ ಒಂಬತ್ತು ಜನ ವಿಮೆ ಉದ್ಯಮದ ದೊಡ್ಡ ಕುಳಗಳು, ಹಿಂದೆ ಕಾವಲಿಗೆ ಕೂತವರ ಪರಂಪರೆ. ಈ ಒಂಬತ್ತು ಜನರ ಬಳಿ ಒಟ್ಟು ಇದ್ದ ಷೇರು 46. ಸಾವಿರ ಅಲ್ಲ, ಬರೀ ನಲವತ್ತಾರು. ಅವರಲ್ಲಿ ಅತಿ ಹೆಚ್ಚು ಇಟ್ಟುಕೊಂಡವರದು ಹತ್ತು. 45 ಡಾಲರ್ ಲೆಕ್ಕದಲ್ಲಿ ಒಂಬತ್ತೂ ಜನರ ಒಟ್ಟು ಪಾಲು 2,070 ಡಾಲರ್. ಕಂಪನಿಯ ವಕೀಲರು ಒಬ್ಬರು, ಹತ್ತು ಷೇರು. ಒಬ್ಬ ಬ್ಯಾಂಕರ್, ಹತ್ತು ಷೇರು. ಇವರೊಬ್ಬರು ತಪ್ಪು ಎತ್ತಿ ಹೇಳುತ್ತಿದ್ದರು, ಆಮೇಲೆ ಷೇರನ್ನೂ ಹೆಚ್ಚಿಸಿಕೊಂಡರು. ಕಂಪನಿಯ ಇಬ್ಬರು ಅಧಿಕಾರಿಗಳ ಬಳಿ ಸೇರಿ ಸುಮಾರು 300. ಅವರಿಗೆ ಕೆಲಸ ಗೊತ್ತಿತ್ತು, ಮಂಡಳಿ ಅವರನ್ನು ತಲೆ ಎತ್ತಲು ಬಿಡುತ್ತಿರಲಿಲ್ಲ. ಕೊನೆಯವರು ಹಿಂದಿನ ಅಧ್ಯಕ್ಷರ ಮಗ. ತೀರಿಕೊಂಡ ಆ ಅಧ್ಯಕ್ಷರ ಹೆಂಡತಿಯ ಬಳಿ ಸುಮಾರು 15,000 ಷೇರು.

ಈ ಮಂಡಳಿಗೆ ಏನೂ ತೊಂದರೆ ಇರಲಿಲ್ಲ ಅನ್ನುವುದೇ ತೊಂದರೆ. ಹೂಡಿಕೆಯಿಂದ ಬಡ್ಡಿ, ಡಿವಿಡೆಂಡ್ ಬರುತ್ತಿತ್ತು, ಹಾಗಾಗಿ ಕಂಪನಿ ಮುಳುಗುವ ಭಯ ಇಲ್ಲ. ನಕಾಶೆಯ ಬೆಲೆಯೂ ವಿಮೆ ಕಂಪನಿಗಳಿಗೆ ಒಪ್ಪಿಗೆಯಾಗಿತ್ತು. ಷೇರಿನ ಬೆಲೆ ಬಿದ್ದರೆ 2,070 ಡಾಲರ್‌ನಲ್ಲಿ ಎಷ್ಟು ಹೋದೀತು? ಡಿವಿಡೆಂಡ್ ಐದು ಸಲ ಕಡಿಮೆ ಮಾಡಿದರಲ್ಲ, ಸಂಬಳವನ್ನೋ ನಿರ್ದೇಶಕರ ಫೀಸನ್ನೋ ಇಳಿಸೋಣ ಎಂದು ಯಾರಾದರೂ ಹೇಳಿದ ದಾಖಲೆ ತಮಗೆ ಸಿಗಲಿಲ್ಲ ಎಂದು ಬಫೆಟ್ ಕುಟುಕಿದ್ದಾರೆ.

ಬೀರುವಿನಲ್ಲಿ ಎಷ್ಟಿದೆ ಅನ್ನುವುದು ಒಂದು ಲೆಕ್ಕ. ಕೀಲಿ ಯಾರ ಸೊಂಟದಲ್ಲಿದೆ, ಅವರಿಗೆ ತೆಗೆಯುವ ಗರಜು ಇದೆಯಾ ಅನ್ನುವುದು ಇನ್ನೊಂದು. ಎರಡನೆಯದನ್ನು ಹಾಕದೆ ಮೊದಲನೆಯದನ್ನು ಅಂತರ ಅಂತ ಕರೆಯುವುದು ನನ್ನ ಮಟ್ಟಿಗೆ ಅರ್ಧ ಲೆಕ್ಕ.

1958ರ ಕೊನೆಯಲ್ಲಿ ಆ ಮಗ ತನಗೆ ಮುಖ್ಯಸ್ಥನ ಹುದ್ದೆ ಕೊಡಿ ಎಂದು ಕೇಳಿದರು. ಕೊಡಲಿಲ್ಲ. ರಾಜೀನಾಮೆ ಕೊಟ್ಟರು, ಮಂಡಳಿ ಒಪ್ಪಿಕೊಂಡಿತು. ಸ್ವಲ್ಪ ದಿನಕ್ಕೆ ಆ ಮಗನ ತಾಯಿಯ ಬಳಿಯ ಷೇರುಗಳಿಗೆ ಬಫೆಟ್ ಬೆಲೆ ಹೇಳಿದರು. ಅವರು ಕೊಟ್ಟುಬಿಟ್ಟರು. ಇನ್ನೆರಡು ದೊಡ್ಡ ಗುಂಪುಗಳೂ ಇದ್ದವು, ಒಂದರಲ್ಲಿ ಸುಮಾರು 10,000 ಷೇರು, ಇನ್ನೊಂದರಲ್ಲಿ 8,000. ಅವರಿಗೂ ಅಸಮಾಧಾನ. ಬಫೆಟ್ ಮತ್ತು ಜೊತೆಗಾರರು ಪೇಟೆಯಲ್ಲಿ ಇನ್ನಷ್ಟು ಕೊಂಡು 24,000ಕ್ಕೆ ತಂದರು. ಅಷ್ಟರಲ್ಲಿ ಮೂರೂ ಗುಂಪಿನ ಒಟ್ಟು ಪಾಲು 46,000 ಷೇರಿಗೆ ಏರಿತ್ತು. ಒಟ್ಟು 1,05,000ದಲ್ಲಿ ಇದು ಸುಮಾರು 44 ಶೇಕಡಾ. ಅತ್ತ ಒಂಬತ್ತು ಜನರದು 46, ಇತ್ತ ಇವರದು 46 ಸಾವಿರ. ಬೇಕೆಂದೇ ಜೋಡಿಸಿದ ಹಾಗಿದೆ ಅಲ್ವಾ?

ಇದು ಹೊಸ ದಾರಿಯೂ ಅಲ್ಲ. ಗುರು ಗ್ರಹಾಂ 1926ರಲ್ಲಿ ವಾಷಿಂಗ್ಟನ್ನಿನ ಸರ್ಕಾರಿ ಕಡತಗಳಲ್ಲಿ ನಾರ್ದರ್ನ್ ಪೈಪ್‌ಲೈನ್ ಎಂಬ ಕಂಪನಿಯನ್ನು ಹುಡುಕಿದ್ದರು. ಷೇರು 65 ಡಾಲರ್, ಒಳಗಿದ್ದ ಬಾಂಡ್‌ಗಳು ಷೇರಿಗೆ 95. ಮರುವರ್ಷ ವಾರ್ಷಿಕ ಸಭೆಗೆಂದು ಪೆನ್ಸಿಲ್ವೇನಿಯಾದ ಆಯಿಲ್ ಸಿಟಿವರೆಗೆ ಹೋದರು. ಎದ್ದು ನಿಂತು ನಿರ್ಣಯ ಮಂಡಿಸಿದರೆ ಅನುಮೋದಿಸಲು ಇನ್ನೊಬ್ಬರಿಲ್ಲ! ಬಾಯಿ ಮುಚ್ಚಿಕೊಂಡು ವಾಪಸ್. ಆದರೆ 1928ರಲ್ಲಿ ವೋಟು ಕೂಡಿಸಿಕೊಂಡು ಬಂದು ಮಂಡಳಿಯಲ್ಲಿ ಎರಡು ಕುರ್ಚಿ ಗೆದ್ದರು. ಕೊನೆಗೆ ಷೇರಿಗೆ 70 ಡಾಲರ್ ಕಂಪನಿಯಿಂದ ಹೊರಬಂತು. ನಡುವಿನ ಆ ಒಂದು ವರ್ಷವನ್ನು ತಾಳ್ಮೆ ಅಂತಲೇ ಕರೆಯಬೇಕು. ಆದರೆ ಆ ವರ್ಷ ಅವರು ಸುಮ್ಮನೆ ಕೂತಿರಲಿಲ್ಲ.

ಬಫೆಟ್ ಕೂಡ ಮಂಡಳಿ ಸೇರಿದರು. ಅವರು ಕೇಳಿದ್ದು ಸರಳ. ನಕಾಶೆ ವ್ಯಾಪಾರ ಬೇರೆ, ಹೂಡಿಕೆ ಬೇರೆ, ಎರಡನ್ನೂ ಬಿಡಿಸಿ. ವಿಮೆಯವರು ಒಪ್ಪಲಿಲ್ಲ. ವೋಟಿಗೆ ಹೋಗಿದ್ದರೂ ತಾವೇ ಗೆಲ್ಲುತ್ತಿದ್ದೆವು ಎಂದು ಬಫೆಟ್ ಬರೆದಿದ್ದಾರೆ. ಆದರೆ ಜಗಳಕ್ಕೆ ಸಮಯ ಹಿಡಿಯುತ್ತದೆ, ಅಷ್ಟರಲ್ಲಿ ಕಂಪನಿಯ ದುಡ್ಡಿನ ದೊಡ್ಡ ಪಾಲು ಬಫೆಟ್‌ಗೆ ದುಬಾರಿ ಎನಿಸಿದ ದೊಡ್ಡ ಕಂಪನಿಗಳ ಷೇರುಗಳಲ್ಲಿ ಕೂತಿರುತ್ತದೆ. ಹಾಗಾಗಿ ಒಂದು ಒಪ್ಪಂದ.

ಬೇಕಾದ ಷೇರುದಾರರು ತಮ್ಮ ಸ್ಯಾನ್‌ಬಾರ್ನ್ ಷೇರು ಕೊಟ್ಟು, ಅದರ ನ್ಯಾಯವಾದ ಬೆಲೆಗೆ ಕಂಪನಿಯ ಬೀರುವಿನಲ್ಲಿದ್ದ ಷೇರು-ಬಾಂಡ್‌ಗಳನ್ನೇ ತೆಗೆದುಕೊಂಡು ಹೋಗಬಹುದು. ಅಲ್ಲಿನ ನಿಯಂತ್ರಕ ಸಂಸ್ಥೆ ಎಸ್‌ಇಸಿ ಇದು ನ್ಯಾಯವಾಗಿದೆ ಎಂದಿತು. ಈ ಉಪಾಯದಲ್ಲಿ ಒಂದು ಸೊಗಸಿದೆ. ಮಾರಿ ದುಡ್ಡು ಹಂಚಿದ್ದರೆ ಕಂಪನಿ ತೆರಿಗೆ ಕಟ್ಟಬೇಕಿತ್ತು. ಮಾರಲೇ ಇಲ್ಲ, ಇದ್ದದ್ದನ್ನು ಇದ್ದ ಹಾಗೇ ಕೊಟ್ಟರು. ಅಂದಿನ ನಿಯಮದಲ್ಲಿ 10 ಲಕ್ಷ ಡಾಲರ್‌ಗೂ ಹೆಚ್ಚಿನ ಆ ತೆರಿಗೆ ಇಲ್ಲವಾಯಿತು. ಮುಳ್ಳು ಅಂದೆನಲ್ಲ, ಅದು ಹೀಗೆ ಉದುರಿತು. ಅರ್ಧಕ್ಕೆ ಇಳಿದಿದ್ದ ಅಂತರ ಮತ್ತೆ ಪೂರ್ತಿಯಾಯಿತು.

1,600 ಷೇರುದಾರರಲ್ಲಿ ಅರ್ಧ ಜನ, ಷೇರುಗಳ ಲೆಕ್ಕದಲ್ಲಿ 72 ಶೇಕಡಾ, ಹೀಗೆ ಬದಲಾಯಿಸಿಕೊಂಡರು. ನಕಾಶೆ ಕಂಪನಿಯ ಬಳಿ ಆಪತ್ತಿಗೆಂದು 12.5 ಲಕ್ಷ ಡಾಲರ್ ಮೇಲೆ ಸರ್ಕಾರಿ ಮತ್ತು ಪುರಸಭೆ ಬಾಂಡ್ ಉಳಿಯಿತು. ಉಳಿದುಕೊಂಡ ಷೇರುದಾರರಿಗೆ ಷೇರಿನ ಲಾಭವೂ ಡಿವಿಡೆಂಡೂ ಹೆಚ್ಚಿತು. 1960ರಲ್ಲಿ ಡೌ ಜೋನ್ಸ್ ಡಿವಿಡೆಂಡ್ ಸೇರಿಸಿಯೂ 6 ಶೇಕಡಾ ಚಿಲ್ಲರೆ ಕಳೆದುಕೊಂಡರೆ, ಬಫೆಟ್ ಪಾಲುದಾರಿಕೆಗಳು 22.8 ಶೇಕಡಾ ಗಳಿಸಿದವು.

ಕೊಂಡ ದಿನದಿಂದ ಕೈಗೆ ಬರುವವರೆಗೆ ಹೆಚ್ಚುಕಮ್ಮಿ ಎರಡು ವರ್ಷ. ಇದು ಐದಾಗಿದ್ದರೆ ಈ ಪ್ರಕರಣವನ್ನು ಯಾರೂ ನೆನಪಿಡುತ್ತಿರಲಿಲ್ಲ.

ಇದರಲ್ಲಿ ನಾವು ನಕಲು ಮಾಡಬಾರದ್ದೂ ಇದೆ. ಪಾಲುದಾರಿಕೆಯ ಆಸ್ತಿಯಲ್ಲಿ ಸುಮಾರು 35 ಶೇಕಡಾ ಈ ಒಂದೇ ಷೇರಿನಲ್ಲಿತ್ತು. ಮೇಜಿನ ಸುತ್ತ ಒಂದು ಕುರ್ಚಿ ತಮ್ಮದಾಗಿದ್ದಾಗ ಹಾಗೆ ಹಾಕಬಹುದು. ಡಿಮ್ಯಾಟ್‌ನಲ್ಲಿ 400 ಷೇರು ಇಟ್ಟುಕೊಂಡ ನಮಗೆ ಅದು ಧೈರ್ಯವಲ್ಲ, ಹುಚ್ಚು.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಸ್ಯಾನ್‌ಬಾರ್ನ್‌ಗೆ ಯಜಮಾನ ಅಂತ ಒಬ್ಬರಿರಲಿಲ್ಲ. ಷೇರು ಚದುರಿತ್ತು, ಕೂಡಿಸಿದವರಿಗೆ ಬಲ ಬಂತು. ನಮ್ಮ ಸಣ್ಣ ಕಂಪನಿಗಳಲ್ಲಿ ಪ್ರವರ್ತಕ ಕುಟುಂಬದ, ಅಂದರೆ ಕಂಪನಿ ಕಟ್ಟಿ ನಡೆಸುವ ಕುಟುಂಬದ, ಪಾಲು 60, 70 ಶೇಕಡಾ ಇರುವುದು ಮಾಮೂಲು; 75ರವರೆಗೆ ಇಟ್ಟುಕೊಳ್ಳಲು ನಮ್ಮ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮವೇ ಬಿಡುತ್ತದೆ. ಹತ್ತು ಶೇಕಡಾ ಷೇರು ಇದ್ದವರು ವಿಶೇಷ ಸಭೆ ಕರೆಯಿರಿ ಎಂದು ಕೇಳಬಹುದು, ಕಾನೂನಿದೆ. ಸಭೆ ಕರೆದು ಏನು ಮಾಡುವುದು? ಯಜಮಾನರು ಬೇಡ ಅಂದರೆ ವೋಟು ಅಲ್ಲಿಗೇ ಮುಗಿಯಿತು. ನನ್ನ ಎಫ್‌ಡಿ ಕಂಪನಿಯಲ್ಲಿ ಕುಟುಂಬದ ಪಾಲು 71. ಕೊಳ್ಳುವಾಗಲೇ ವಾರ್ಷಿಕ ವರದಿಯಲ್ಲಿ ಆ ಅಂಕಿ ನೋಡಿದ್ದೆ. ‘ಪ್ರವರ್ತಕರಿಗೆ ನಂಬಿಕೆ ಇದೆ’ ಎಂದು ಖುಷಿಪಟ್ಟಿದ್ದೆ ಕೂಡ!

ಯಜಮಾನರೇ ಮನಸ್ಸು ಮಾಡಿದರೆ, ಇಲ್ಲವೇ ನಿಯಮ ಬದಲಾದರೆ ಮಾತ್ರ ಬೀಗ ತೆಗೆಯುತ್ತದೆ. ಎರಡನೆಯದಕ್ಕೆ ಉದಾಹರಣೆ ಎಲ್ಸಿಡ್ ಇನ್ವೆಸ್ಟ್‌ಮೆಂಟ್ಸ್. ಏಷ್ಯನ್ ಪೇಂಟ್ಸ್ ಷೇರು ಇಟ್ಟುಕೊಂಡಿರುವ ಈ ಕಂಪನಿಯ ಷೇರು ಪೇಟೆಯ ಪಟ್ಟಿಯಲ್ಲಿ 3 ರೂಪಾಯಿ 53 ಪೈಸೆ ಎಂದು ಕೂತಿತ್ತು. ಆ ಬೆಲೆಗೆ ಮಾರುವವರು ಯಾರಿದ್ದಾರೆ? ಇಂಥ ಕಂಪನಿಗಳಿಗೆ ವಿಶೇಷ ಹರಾಜು ನಡೆಸಿ ಎಂದು ಸೆಬಿ ಹೇಳಿದ ಮೇಲೆ, 2024ರ ಅಕ್ಟೋಬರ್ 29ರಂದು ಅದು ಒಂದೇ ದಿನ 2,36,250 ರೂಪಾಯಿ ಆಯಿತು. ಆ ಬೆಲೆಯೂ ಒಳಗಿನ ಆಸ್ತಿಯ ಅರ್ಧಕ್ಕಿಂತ ಕಡಿಮೆಯೇ.

ಕೊನೆಗೆ ನಕಾಶೆಗೆ ಬರೋಣ. 1958ರ ಪೇಟೆ ಅದಕ್ಕೆ ಕಟ್ಟಿದ ಮೈನಸ್ 20 ಡಾಲರ್ ಮೂರ್ಖತನ ಎಂದು ಎಲ್ಲರೂ ನಗುತ್ತಾರೆ. ಹೂಡಿಕೆಯ ಮಟ್ಟಿಗೆ ಪೇಟೆ ತಪ್ಪಿತ್ತು, ನಿಜ. ನಕಾಶೆಯ ಮಟ್ಟಿಗೆ ಅಷ್ಟೊಂದು ತಪ್ಪಿರಲಿಲ್ಲ. ಆ ವಿವರಗಳನ್ನು ಮತ್ತೆ ಸಂಗ್ರಹಿಸಲು ಕೋಟಿಗಟ್ಟಲೆ ಡಾಲರ್ ಬೇಕಾಗುತ್ತಿತ್ತು ಎಂದು ಬಫೆಟ್ ಲೆಕ್ಕ ಹಾಕಿದ್ದರು, ಆ ವ್ಯಾಪಾರ ಚೇತರಿಸಿಕೊಳ್ಳಲಿ ಎಂದೂ ಬಯಸಿದ್ದರು. ಬೆಂಕಿ ವಿಮೆಯ ನಕಾಶೆಗಳಿಗೆ ಆ ಹಳೆಯ ದಿನಗಳು ಮತ್ತೆ ಬರಲಿಲ್ಲ. ಬಫೆಟ್‌ಗೆ ಅದರಿಂದ ನಷ್ಟವೂ ಆಗಲಿಲ್ಲ. ನಕಾಶೆಗೆಂದು ಅವರು ಒಂದು ಕಾಸೂ ಕೊಟ್ಟಿರಲಿಲ್ಲವಲ್ಲ.

ಆ ಹಾಳೆಗಳು ಈಗ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಸುಮಾರು 12,000 ಊರುಗಳವು, ಏಳು ಲಕ್ಷ ಹಾಳೆಗಳ ಆಸುಪಾಸು. ಸುಮಾರಷ್ಟನ್ನು ಸ್ಕ್ಯಾನ್ ಮಾಡಿ ನೆಟ್‌ನಲ್ಲಿ ಹಾಕಿದ್ದಾರೆ. ಗುಲಾಬಿ ಮನೆಗಳ ಸಾಲಿನಲ್ಲಿ ಒಂದೊಂದು ಹಳದಿ ಚೌಕ, ಅದರ ಅಂಚಿನಲ್ಲಿ ಅಂಟಿಸಿದ ಚೀಟಿಯ ಗೆರೆ ಸಣ್ಣಗೆ ಕಾಣುತ್ತದೆ. ನೋಡುವುದಕ್ಕೆ ದುಡ್ಡಿಲ್ಲ, ಇಲ್ಲೂ ನಕಾಶೆ ಪುಕ್ಕಟೆ.